ಬೀಬಿ ಜಾನ್ ಹೊಲಿದ ಹಿಮದ ಪುಸ್ತಕ

ಹೊಸದುರ್ಗದ ಹಳೇ ಪೇಟೆಯಲ್ಲಿ ಬೀಬಿ ಜಾನ್ ಮನೆ ಎಲ್ಲಿ ಎಂದು ಕೇಳಿದರೆ ಜನ ಮೊದಲು ನಿಮ್ಮ ಕೈ ನೋಡುತ್ತಾರೆ. ಕೈಯಲ್ಲಿ ಹರಿದ ಪುಸ್ತಕವಿದ್ದರೆ ಮರುಮಾತಿಲ್ಲದೆ ದಾರಿ ತೋರಿಸುತ್ತಾರೆ. ಬರಿಗೈಯಲ್ಲಿ ಹೋದರೆ ಯಾರು, ಯಾವೂರು, ಏನು ಕೆಲಸ ಎಂದು ಪೂರ್ತಿ ವಿಚಾರಣೆ ಮುಗಿಯುವವರೆಗೆ ಬಿಡುವುದಿಲ್ಲ. ಮೂವತ್ತೊಂಬತ್ತು ವರ್ಷಗಳಿಂದ ಆ ಮನೆಯ ಜಗುಲಿಯ ಮೇಲೆ ಕೂತು ಪುಸ್ತಕ ಹೊಲಿಯುತ್ತಿರುವ ಹೆಂಗಸಿಗೆ ಬೀದಿಯವರು ಕೊಡುವ ಮರ್ಯಾದೆ ಅದು.

ಹಿರಿಯೂರಿನ ವಕೀಲರ ಕಾನೂನು ಸಂಪುಟ, ಹೊಳಲ್ಕೆರೆ ಶಾಲೆಯ ನಿಘಂಟು, ಚಿತ್ರದುರ್ಗದ ಕಾಲೇಜಿನವರ ಪ್ರಬಂಧ, ಅರಿಸಿನ ಕುಂಕುಮ ಮೆತ್ತಿಕೊಂಡ ಮಠದ ಪುರಾಣ, ಮಸೀದಿಯ ಕುರಾನ್, ಎಲ್ಲವೂ ಆ ಜಗುಲಿಗೆ ಬಂದು ಬೆನ್ನು ಗಟ್ಟಿ ಮಾಡಿಸಿಕೊಂಡು ಹೋಗುತ್ತವೆ. ಬೀಬಿ ಜಾನ್‌ಗೆ ಉರ್ದು ಚೆನ್ನಾಗಿ ಓದಲು ಬರುತ್ತದೆ. ಕನ್ನಡವನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಾಳೆ. ಇಂಗ್ಲಿಷಿನ ಗೊಡವೆಗೆ ಹೋದವಳಲ್ಲ. "ಓದಾಕೆ ಬೇರೆಯವ್ರು ಅವ್ರೆ, ಬಿಚ್ಕಳ್ದಂಗೆ ನೋಡ್ಕಳಾಕೆ ನಾನಿದೀನಿ" ಎನ್ನುವುದು ಆಕೆಯ ಮಾತು.

ಒಂದೊಂದು ಪುಸ್ತಕ ಮುಗಿದಾಗಲೂ ಅದನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು, ಹಣೆಗೆ ಮುಟ್ಟಿಸಿ, "ಶುಕ್ರ್" ಎನ್ನುತ್ತಾಳೆ. ದೇವರಿಗೆ ಕೃತಜ್ಞತೆ. ಮೈದಾ ಅಂಟು ಗಂಟು ಕಟ್ಟಲಿಲ್ಲ, ಶುಕ್ರ್. ದಾರ ನಡುವೆ ಕಡಿಯಲಿಲ್ಲ, ಶುಕ್ರ್. ಪಕ್ಕದ ಮನೆಯ ಕೋಳಿ ಒಣಹಾಕಿದ ರಟ್ಟಿನ ಮೇಲೆ ಓಡಾಡಲಿಲ್ಲ, ಅದಕ್ಕೂ ಶುಕ್ರ್. "ಅಮ್ಮೀ, ಅಲ್ಲಾಹನಿಗೂ ಸ್ವಲ್ಪ ಬಿಡುವು ಕೊಡಿ" ಎಂದು ಸೊಸೆ ಅರ್ಫಾ ಕಾಲೆಳೆಯುತ್ತಾಳೆ. ಬೀಬಿ ಜಾನ್ ನಗುತ್ತಾಳೆ, ಮುಂದಿನ ಪುಸ್ತಕಕ್ಕೆ ಕೈ ಹಾಕುತ್ತಾಳೆ.

ಆ ಜಗುಲಿಯ ಗೋಡೆಯಲ್ಲಿ ಒಂದು ಮೊಳೆ ಇದೆ. ಮೊಳೆಯಲ್ಲಿ ದಾರ ಪೋಣಿಸಿದ ಒಂದು ಹಳೆಯ ಸೂಜಿ ತೂಗುತ್ತದೆ. ಅದು ಆಕೆಯ ತಂದೆಯದು. ಆತನೂ ಬೈಂಡಿಂಗ್ ಮಾಡುತ್ತಿದ್ದವನೇ, ಮಗಳು ಕೆಲಸ ಕಲಿತದ್ದು ಆತನ ಪಕ್ಕ ಕೂತು ನೋಡಿಯೇ. ಬೀಬಿ ಜಾನ್‌ಗೆ ಇಪ್ಪತ್ತೆರಡು ವರ್ಷವಾಗಿದ್ದಾಗ, ಒಂದು ಶಾಲೆಯವರು ಆತ ಹೊಲಿದ ಭೂಪಟದ ಪುಸ್ತಕವನ್ನು ವಾಪಸ್ ತಂದರು. ನಡುವಿನ ಎಂಟು ಹಾಳೆ ತಲೆಕೆಳಗಾಗಿ ಹೊಲಿಗೆ ಬಿದ್ದಿದ್ದವು. ಆತ ಯಾರ ಮೇಲೂ ರೇಗಲಿಲ್ಲ. ಪುಸ್ತಕ ಸರಿ ಮಾಡಿಟ್ಟ, ಸೂಜಿಯನ್ನು ದಾರದ ಸಮೇತ ಮೊಳೆಗೆ ನೇತುಹಾಕಿದ, "ಕಣ್ಣು ನಂಗೆ ಹೇಳಲಿಲ್ಲ, ಪುಸ್ತಕ ಬಂದು ಹೇಳಿತು. ನಾಳೆಯಿಂದ ನೀನು ಕೂತ್ಕೋ" ಎಂದ. ಆಮೇಲೆ ಹನ್ನೊಂದು ವರ್ಷ ಬದುಕಿದ್ದ, ಒಂದು ದಿನವೂ ಸೂಜಿ ಮುಟ್ಟಲಿಲ್ಲ. ಆ ಶಾಲೆಯವರು ಸರಿಮಾಡಿದ ಭೂಪಟವನ್ನು ಕೇಳಿಕೊಂಡು ಬರಲೂ ಇಲ್ಲ. ಅದು ಇವತ್ತಿಗೂ ಅಟ್ಟದ ಮೇಲಿದೆ.

ತನಗೂ ಅದೇ ಕಟ್ಟಳೆ ಎಂದು ಬೀಬಿ ಜಾನ್ ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಹೊಲಿದ ಪುಸ್ತಕ ಎಂದು ವಾಪಸ್ ಬರುತ್ತದೋ ಅಂದೇ ಸೂಜಿ ಮೊಳೆಗೆ. ಈಗ ಆಕೆಗೆ ಅರವತ್ತೊಂದು. ಕಣ್ಣು ಮೊದಲಿನ ಹಾಗಿಲ್ಲ. ಸೂಜಿಗೆ ದಾರ ಪೋಣಿಸಲು ನಾಲ್ಕೈದು ಸಲ ಬೇಕು, ಆದರೂ ಅರ್ಫಾ ಕೈ ಚಾಚಿದರೆ "ನಂಗೇನ್ ಕೈ ಬಿದ್ದೋಗಿದಾವಾ?" ಎಂದು ಸಿಡುಕುತ್ತಾಳೆ. ಮಗ ಹಫೀಜ್ "ಸಾಕು ಮಾಡು ಅಮ್ಮೀ" ಎಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದಾನೆ. ಪುಸ್ತಕ ಹೇಳಲಿ, ಆಮೇಲೆ ನೋಡೋಣ ಎನ್ನುವುದು ಆಕೆಯ ಹಟ.

ಪುಸ್ತಕ ಹೇಳಿದ್ದು ಹೋದ ಏಪ್ರಿಲ್‌ನ ಒಂದು ಸೋಮವಾರ.

ಮತ್ತೋಡಿನ ಗ್ರಂಥಾಲಯ ನೋಡಿಕೊಳ್ಳುವ ಜಯಶೀಲಾ ತಿಂಗಳಿಗೊಮ್ಮೆ ಹರಿದ ಪುಸ್ತಕಗಳ ಚೀಲ ಹೊತ್ತುಕೊಂಡು ಬಸ್ಸಿಳಿಯುವುದು ರೂಢಿ. ಅಂದು ಚೀಲವಿರಲಿಲ್ಲ. ಒಂದೇ ಒಂದು ದೊಡ್ಡ ಪುಸ್ತಕವನ್ನು ಎದೆಗವಚಿಕೊಂಡು ಬಂದವಳು ಜಗುಲಿ ಹತ್ತದೆ ಕೆಳಗೇ ನಿಂತಳು.

"ಬರ್ರಿ ಜಯಶೀಲಮ್ಮ, ಕುಂತ್ಕಳ್ರಿ. ಯಾಕೆ ಅಲ್ಲೇ ನಿಂತ್ರಿ?"

"ಬೀಬಮ್ಮ, ನೀವು ಬೇಜಾರ್ ಮಾಡ್ಕಬಾರ್ದು."

ಹಾಗೆಂದ ಮೇಲೆ ಬೇಜಾರು ಮಾಡಿಕೊಳ್ಳದವರು ಭೂಮಿಯ ಮೇಲೆ ಇದ್ದಾರೆಯೇ? ಬೀಬಿ ಜಾನ್ ಅವಳ ಕೈಯಲ್ಲಿದ್ದ ಪುಸ್ತಕದ ಕಡೆ ನೋಡಿದಳು. ಆ ನೀಲಿ ಕ್ಯಾಲಿಕೋ ಬಟ್ಟೆಯ ರಟ್ಟನ್ನು ನೋಡಿದೊಡನೆ ಅದು ತನ್ನದೇ ಕೈಕೆಲಸ ಎಂದು ಗುರುತು ಹತ್ತಿತು.

ಮೂರು ವರ್ಷದ ಹಿಂದೆ ಹೊಲಿದ ಫೋಟೋ ಪುಸ್ತಕ ಅದು. ಚಿಕ್ಕಜಾಜೂರಿನಲ್ಲಿ ನೆಲೆಸಿರುವ ಪಂಚಾಕ್ಷರಪ್ಪ ಎಂಬ ನಿವೃತ್ತ ರೈಲ್ವೆ ಗಾರ್ಡ್, ಮನೆಗೆ ಗೆದ್ದಲು ಹತ್ತಿದಾಗ ತಮ್ಮ ಪುಸ್ತಕಗಳನ್ನು ಹೆಂಡತಿಯ ತವರಾದ ಮತ್ತೋಡಿನ ಗ್ರಂಥಾಲಯಕ್ಕೆ ಕೊಟ್ಟಿದ್ದರು. ಅವುಗಳಲ್ಲಿ ಇದೂ ಒಂದು. ನೂರು ವರ್ಷದ ಹಿಂದೆ ದಕ್ಷಿಣ ಧ್ರುವದ ಕಡೆಗೆ ಹೊರಟ ಒಂದು ಹಡಗಿನ ಚಿತ್ರಗಳು, ಒಟ್ಟು ನಲವತ್ತೆಂಟು, ಎಲ್ಲವೂ ಕಪ್ಪು ಬಿಳುಪು. ಹಾಳೆಯ ಒಂದು ಮಗ್ಗುಲಲ್ಲಿ ಚಿತ್ರ, ಇನ್ನೊಂದು ಮಗ್ಗುಲು ಖಾಲಿ. ಅಕ್ಷರವಿದ್ದ ಮೊದಲ ಹಾಳೆಗಳನ್ನೂ ಹಳೆಯ ರಟ್ಟನ್ನೂ ಗೆದ್ದಲು ತಿಂದು ಮುಗಿಸಿತ್ತು. ಉಳಿದ ಹಾಳೆಗಳಲ್ಲಿ ಒಂದು ಅಂಕಿಯೂ ಇರಲಿಲ್ಲ.

"ಪಂಚಾಕ್ಷರಪ್ಪೋರು ಹೋದ ವಾರ ಬಂದಿದ್ರು" ಎಂದಳು ಜಯಶೀಲಾ. "ಪುಸ್ತಕ ತೆಗೆದ್ರು, ಮುಖ ಗಂಟು ಹಾಕ್ಕಂಡ್ರು. ಉಲ್ಟಾ ಹೊಲಿದೈತೆ ಅಂದ್ರು. ಹೊರಡೋ ಊರು ಕೊನೇಗೈತೆ, ಮುಟ್ಟೋ ಜಾಗ ಮೊದ್ಲೇ ಐತೆ, ಟೈಮ್‌ಟೇಬಲ್ ಹಿಂಗಿರ್ತದೇನ್ರಿ ಅಂತ ನಂಗೇ ಕೇಳಿದ್ರು."

ಬೀಬಿ ಜಾನ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಳು. ತಪ್ಪು ಹೇಗಾಯಿತು ಎಂದು ಹುಡುಕಬೇಕಾಗಲೇ ಇಲ್ಲ. ಆ ವರ್ಷ ರಂಜಾನ್‌ಗೆ ಮುಂಚೆ ಮದರಸಾದವರು ಇನ್ನೂರು ಪುಸ್ತಕ ತಂದು ಸುರಿದಿದ್ದರು. ಉರ್ದು ಪುಸ್ತಕಕ್ಕೆ ಬೆನ್ನು ಬಲಗಡೆ. ಕನ್ನಡ ಪುಸ್ತಕ ಎಲ್ಲಿ ಮುಗಿಯುತ್ತದೋ ಉರ್ದು ಪುಸ್ತಕ ಅಲ್ಲಿಂದ ಶುರು. ಹದಿನೈದು ದಿನ ಬಲಗಡೆಯೇ ಹೊಲಿದು ಹೊಲಿದು ಕೈ ಅದಕ್ಕೇ ಒಗ್ಗಿತ್ತು. ಬೇರೆ ಯಾವ ಪುಸ್ತಕವೇ ಆಗಿದ್ದರೂ ಅಕ್ಷರ ಕಂಡು ಎಚ್ಚರವಾಗುತ್ತಿತ್ತು. ಇದರಲ್ಲಿ ಅಕ್ಷರವೇ ಇಲ್ಲ, ಬರೀ ಮಂಜು. ಕಟ್ಟನ್ನು ಜೋಡಿಸಿದಳು, ಬಲಗಡೆ ಹೊಲಿದಳು, ಶುಕ್ರ್ ಎಂದಳು. ಜಯಶೀಲಾ ಕನ್ನಡದವಳು, ಬೆನ್ನನ್ನು ಎಡಕ್ಕೆ ಮಾಡಿ ಹಿಡಿದು, ಮೇಲೆ ಬಂದ ರಟ್ಟಿಗೆ ಚೀಟಿ ಅಂಟಿಸಿದಳು. ಅಲ್ಲಿಗೆ ನಲವತ್ತೆಂಟನೆಯ ಚಿತ್ರ ಒಂದನೆಯದಾಯಿತು.

"ನಿಮ್ ತಪ್ಪೇನಿಲ್ಲ ಬೀಬಮ್ಮ, ನಂಗೂ ಗೊತ್ತಾಗ್ಲಿಲ್ಲ" ಎಂದಳು ಜಯಶೀಲಾ. "ಇಂಥ ಕಾದಂಬರಿ ಎರಡು ಓದೀನಿ. ಎರಡ್ರಾಗೂ ಮಂಜಿಗೆ ಹೋದೋರು ಚರ್ಮದ ಬೂಟು ಬೇಯಿಸ್ಕಂಡು ತಿಂದು, ಕೊನೇಗೆ ಸತ್ತೋಗ್ತಾರೆ. ಉಳಿಯೋದು ಡೈರಿ ಒಂದೇ. ಅದಕ್ಕೇ ಈ ಪುಸ್ತಕ ನೋಡ್ದಾಗ ಎಲ್ರೂ ಮನೆ ಸೇರ್ಕಂಡ್ರಲ್ಲ, ಇದೊಂದಾದ್ರೂ ಚೆನ್ನಾಗೈತೆ ಅನ್ಕಂಡಿದ್ದೆ."

ಒಳಗಿನಿಂದ ಅರ್ಫಾ ಬಂದಳು. ಅವಳಿಗೆ ಹಿಮದ ಸಿನಿಮಾಗಳ ಹುಚ್ಚು. ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಮೊಬೈಲು ಹಿಡಿದು ಕೂತು, ಗಡ್ಡಕ್ಕೆ ಮಂಜು ಹಿಡಿಸಿಕೊಂಡ ಇಂಗ್ಲಿಷ್ ಗಂಡಸರನ್ನು ನೋಡುತ್ತಿದ್ದರೆ ಸೆಕೆ ಕಡಿಮೆಯಾಗುತ್ತದಂತೆ. ಬೀಬಿ ಜಾನ್ ವಯಸ್ಸಿನವರಿಗೆ ಮಂಜು ಎಂದರೆ ನಾಯಕಿ ತೆಳು ಸೀರೆ ಉಟ್ಟು ಹಾಡು ಹೇಳುವ ಕಾಶ್ಮೀರ. ಅರ್ಫಾಳಿಗೆ ಮಂಜು ಎಂದರೆ ಸಾಯುವ ಜಾಗ.

"ಹೌದು ಅಮ್ಮೀ" ಎಂದಳು ಅವಳು. "ನಾನು ನೋಡಿದ ಸಿನಿಮಾದಲ್ಲೂ ಹಾಗೇ. ಮೊದಲು ಬ್ಯಾಂಡು ಬಾರಿಸಿ ಕಳಿಸ್ತಾರೆ, ಕೊನೆಗೆ ಬರೀ ಗಾಳಿ ಸದ್ದು."

ಬೀಬಿ ಜಾನ್ ಕಣ್ಣು ಗೋಡೆಯ ಮೊಳೆಯ ಮೇಲಿತ್ತು.

"ನಾಳೆ ಸಂಜೆ ತಗಂಡ್ ಹೋಗ್ರಿ" ಎಂದಳು ಬೀಬಿ ಜಾನ್. "ಬಿಚ್ಚಿ ಸರಿಯಾಗಿ ಹೊಲ್ದು ಕೊಡ್ತೀನಿ. ಇದೇ ನನ್ನ ಕೊನೇ ಪುಸ್ತಕ."

ಮರುದಿನ ಬೆಳಿಗ್ಗೆ ಆಕೆ ಬೇಗ ಎದ್ದು ಜಗುಲಿಗೆ ಬಂದಳು. ಹಾಳೆ ಇಟ್ಟು ತಟ್ಟುವ ಕಲ್ಲನ್ನು ತೊಳೆದಳು. ಬ್ಲೇಡು ಮಸೆದಳು. ಗೆದ್ದಲು ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಮೈದಾ ಅಂಟು ಕುದಿಸಿದಳು. ದಾರಕ್ಕೆ ಮೇಣ ಉಜ್ಜಿದಳು, ಉಜ್ಜಿದ್ದನ್ನೇ ಮತ್ತೊಮ್ಮೆ ಉಜ್ಜಿದಳು. ಒಂದು ಗಂಟೆಯ ಕೆಲಸಕ್ಕೆ ನಾಲ್ಕು ಗಂಟೆಯ ತಯಾರಿ. ಹೊಳಲ್ಕೆರೆಯಿಂದ ಬಂದ ಬೆನ್ನು ಕಿತ್ತ ನಿಘಂಟು ಪಕ್ಕದಲ್ಲಿ ಕಾದು ಕೂತಿತ್ತು, ಅದನ್ನು ಯಾರಿಗೆ ಕೊಡುವುದು ಎಂಬ ಯೋಚನೆ ಬಂತು. ಈ ಜಗುಲಿ, ಈ ಕಲ್ಲು, ಬೀದಿಯಲ್ಲಿ ಹೋಗುವವರ "ಏನ್ ಬೀಬಮ್ಮ, ಚೆನ್ನಾಗಿದೀರಾ?", ಇವೆಲ್ಲ ಇಲ್ಲದ ಬೆಳಿಗ್ಗೆ ಹೇಗಿರುತ್ತದೆ ಎಂದು ಊಹಿಸಲು ನೋಡಿದಳು, ಆಗಲಿಲ್ಲ. ಮೂವತ್ತೊಂಬತ್ತು ವರ್ಷ ಕೊಟ್ಟೆಯಲ್ಲ, ಶುಕ್ರ್ ಎಂದುಕೊಂಡಳು. ಆದರೂ ದುಃಖ ಒತ್ತರಿಸಿ ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಬ್ಲೇಡನ್ನು ಮೊದಲ ಹೊಲಿಗೆಯ ಮೇಲಿಟ್ಟಳು.

"ತಡೀರಿ ಬೂಬಮ್ಮ! ಕೊಯ್ಬ್ಯಾಡ್ರಿ, ತಡೀರಿ!"

ಬೀದಿಯಲ್ಲಿ ಒಬ್ಬ ಮುದುಕ ಏದುಸಿರು ಬಿಡುತ್ತ ನಿಂತಿದ್ದ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕೋಲು, ಮೊಣಕಾಲವರೆಗೆ ಧೂಳು. ಅವನ ಹಿಂದೆ ಬೀದಿಯ ನಾಲ್ಕು ಜನ. ಬರಿಗೈಯಲ್ಲಿ ಬೀಬಿ ಜಾನ್ ಮನೆ ಕೇಳಿದ ತಪ್ಪಿಗೆ ಅರ್ಧ ಗಂಟೆ ವಿಚಾರಣೆಗೆ ಸಿಕ್ಕಿಕೊಂಡಿದ್ದನಂತೆ.

"ನಾನು ಚಿತ್ರಲಿಂಗಪ್ಪ, ಮತ್ತೋಡಿನ ಹತ್ರದ ಹಟ್ಟಿಯೋನು, ಕುರಿ ಕಾಯೋನು" ಎಂದ. "ಮಂಗಳವಾರ ಮಂಗಳವಾರ ಲೈಬ್ರರಿಗೆ ಹೋಗಿ ಆ ಪುಸ್ತಕ ನೋಡ್ತೀನಿ. ಇವತ್ತು ಹೋದ್ರೆ ಪುಸ್ತಕಾನೇ ಇಲ್ಲ. ಜಯಶೀಲಮ್ಮ ಎಲ್ಲಾ ಹೇಳಿದ್ರು. ಸಿಕ್ಕಿದ ಬಸ್ ಹತ್ತಿ ಬಂದೀನಿ."

ಅರ್ಫಾ ನೀರು ತಂದುಕೊಟ್ಟಳು. ಅವನು ಚೊಂಬು ಎತ್ತಿ ಗಟಗಟ ಕುಡಿದು, ಜಗುಲಿಯ ಅಂಚಿನಲ್ಲಿ ಕೂತ. ಬ್ಲೇಡು ಇನ್ನೂ ಬೀಬಿ ಜಾನ್ ಕೈಯಲ್ಲಿತ್ತು.

"ಯಜಮಾನ್ರೆ, ಇದು ತಪ್ಪು ಹೊಲಿಗೆ" ಎಂದಳು ಆಕೆ. "ಸರಿ ಮಾಡಿ ಸಂಜೆಗೆ ಕಳಿಸ್ತೀನಿ."

"ಒಂದ್ಸಲ ನಾನು ಓದ್ತೀನಿ, ಕೇಳ್ರಿ. ಆಮೇಲೆ ನಿಮ್ಮಿಷ್ಟ."

ಓದುತ್ತೇನೆ ಎಂದದ್ದು ಅಕ್ಷರ ಬಾರದ ಮನುಷ್ಯ. ಬೀಬಿ ಜಾನ್ ಪುಸ್ತಕವನ್ನು ಅವನ ಕಡೆ ಸರಿಸಿದಳು. ಅವನು ಕಂಬಳಿಯ ತುದಿಯಲ್ಲಿ ಕೈ ಒರೆಸಿಕೊಂಡು, ಬೆನ್ನನ್ನು ಎಡಕ್ಕೆ ಮಾಡಿ ತೆರೆದ.

ಮೊದಲ ಚಿತ್ರದಲ್ಲಿ ಕಣ್ಣು ಹಾಯುವಷ್ಟು ದೂರ ಬಿಳಿ ಬಯಲು. ಬೇರೇನೂ ಇಲ್ಲ.

"ಇಲ್ಲಿ ಯಾರೂ ಇಲ್ಲ ಅಂತಾರೆ ಎಲ್ರೂ. ಫೋಟೋ ಹೊಡ್ದೋನು ಇದ್ನಲ್ಲ ಬೂಬಮ್ಮ? ಅವನು ನಿಂತಿದ್ದಕ್ಕೇ ಇದು ನಮಗೆ ಕಾಣ್ತಿರಾದು."

ಎರಡನೆಯದರಲ್ಲಿ ಬಯಲಿನ ನಡುವೆ ಒಂದು ಚುಕ್ಕೆ. ಮೂರನೆಯದರಲ್ಲಿ ಚುಕ್ಕೆ ಮೂರು ಜನರಾಗಿತ್ತು, ಹಗ್ಗ ಹೆಗಲಿಗೆ ಹಾಕಿಕೊಂಡು ಜಾರುಬಂಡಿ ಎಳೆಯುತ್ತಿದ್ದರು. ಮುಖ ಗುಳಿಬಿದ್ದು, ಗಡ್ಡ ಎದೆಗಿಳಿದಿತ್ತು. ಏಳನೆಯ ಚಿತ್ರಕ್ಕೆ ಬಂದಾಗ ಚಿತ್ರಲಿಂಗಪ್ಪನ ದನಿಯೇ ಬದಲಾಯಿತು.

"ನೋಡ್ರಿ, ಇಲ್ಲಿ ಮೊದ್ಲು ಒಂದು ನಾಯಿ ಬಂತು. ಕರಿಮೂತಿ. ಮುಂದಿನ ಹಾಳೇಲಿ ನಾಲ್ಕು. ಇದು ಹರ್ದ ಕಿವೀದು, ಇದು ಬಿಳಿ ಎದೆ. ಬಾಲದಾಗೆ ಮೂತಿ ಇಟ್ಕಂಡು ಮಲಗೈತೆ ನೋಡ್ರಿ, ಥೇಟು ನಮ್ಮ ನಾಯಿ ಚಳಿಗಾಲದಾಗೆ ಮಲಗ್ದಂಗೆ. ಇಲ್ಲಿ ಹನ್ನೊಂದು. ಇಲ್ಲಿ ಹತ್ತೊಂಬತ್ತು."

ಹಾಳೆ ತಿರುಗಿತು. ಮಂಜಿನ ಮೇಲೆ ಬರೀ ಒಂದು ಹಡಗಿನ ಕಂಬ. ಮತ್ತೊಂದು ಹಾಳೆಯಲ್ಲಿ ಅರ್ಧ ಹಡಗು. ಮತ್ತೊಂದರಲ್ಲಿ ವಾಲಿಕೊಂಡ ಇಡೀ ಹಡಗು. ಆಮೇಲೆ ನೆಟ್ಟಗೆ ನಿಂತ ಹಡಗು. ಮಂಜು ಬಿರಿದು ನೀರಾಯಿತು. ಗಡ್ಡಗಳು ಸಣ್ಣವಾದವು, ಕೆನ್ನೆ ತುಂಬಿಕೊಂಡವು. ಒಬ್ಬ ನಾವಿಕ ಕೋಟಿನೊಳಗೆ ನಾಯಿಮರಿ ಇಟ್ಟುಕೊಂಡು ನಗುತ್ತಿದ್ದ.

"ನಾವೂ ಈದ ಮರೀನ ಕಂಬಳಿ ಒಳಗೆ ಹಿಂಗೇ ಇಟ್ಕಂಡು ಬರ್ತೀವಿ" ಎಂದ ಚಿತ್ರಲಿಂಗಪ್ಪ. "ಇಲ್ಲಿಗೆ ಇಪ್ಪತ್ತಾರು ನಾಯಿ. ಎಲ್ಲಾ ಬಂದ್ವು. ಒಂದೂ ತಪ್ಪಿಲ್ಲ."

ಕೊನೆಯ ಚಿತ್ರದಲ್ಲಿ ಬಂದರು. ದಡದ ತುಂಬ ಹೆಂಗಸರು, ಮಕ್ಕಳು, ಮೇಲೆತ್ತಿದ ಕೈಗಳು.

"ಮನೆ" ಎಂದು ಹೇಳಿ ಅವನು ಪುಸ್ತಕ ಮುಚ್ಚಿದ.

ಬೀಬಿ ಜಾನ್ ತಾನೇ ಹೊಲಿದ ಪುಸ್ತಕವನ್ನು ಮೊದಲ ಸಲ ನೋಡಿದಂತೆ ನೋಡುತ್ತಿದ್ದಳು. ಮೂರು ವರ್ಷದ ಹಿಂದೆ ಈ ಹಾಳೆಗಳು ಆಕೆಯ ಕೈ ಕೆಳಗೆ ಹಾದುಹೋಗಿದ್ದವು, ಒಂದೂ ಕಣ್ಣಿಗೆ ಬಿದ್ದಿರಲಿಲ್ಲ.

"ಆದ್ರೆ ಅಣ್ಣಾ" ಎಂದಳು ಕೊನೆಗೆ, "ನಡೆದದ್ದು ಹಂಗಲ್ಲ. ನಾಯಿ ಒಂದೂ ಉಳೀಲಿಲ್ಲ. ಹಡಗು ಮುಳುಗಿ ಹೋಯ್ತು."

"ಗೊತ್ತು ಬೂಬಮ್ಮ. ಜಯಶೀಲಮ್ಮ ಬೆಳಿಗ್ಗೆ ಹೇಳಿದ್ರು. ಬಸ್ಸಿನಾಗೆಲ್ಲ ಅದೇ ಯೋಚ್ನೆ." ಅವನು ಕೋಲನ್ನು ನೆಲಕ್ಕೆ ಊರಿದ. "ಮೂರು ವರ್ಷದ ಹಿಂದೆ ನಂದು ನೂರಾ ಮೂವತ್ತು ಕುರಿ. ನೀಲಿ ನಾಲಿಗೆ ರೋಗ ಬಂತು. ಇಪ್ಪತ್ತು ದಿನಕ್ಕೆ ಮೂವತ್ತೆಂಟು ಉಳಿದ್ವು. ಒಂದೊಂದಕ್ಕೂ ಹೆಸ್ರಿತ್ತು. ಇನ್ನು ಈ ಕಸುಬು ಸಾಕು, ಉಳ್ದಿದ್ದನ್ನ ಸಂತೆಗೆ ಹೊಡೆಯಾಣ ಅಂತ ಹೆಂಡ್ತಿಗೆ ಹೇಳಿದ್ದೆ. ಅವತ್ತು ದನದ ಡಾಕ್ಟ್ರು ಇರ್ಲಿಲ್ಲ, ನೆಳ್ಳಿಗೆ ಅಂತ ಪಕ್ಕದ ಲೈಬ್ರರೀಲಿ ಕುಂತೆ. ಮೇಜಿನ ಮೇಲೆ ಇದು ಇತ್ತು. ಬರೀ ಬಯಲು ಇತ್ತಲ್ಲ, ಆ ಬಯಲಾಗೆ ಒಂದು ಬಂತು, ನಾಲ್ಕು ಬಂದ್ವು, ಇಪ್ಪತ್ತಾರಾದ್ವು. ಕುರಿ ಕಾಯೋನ ಕಣ್ಣು ಮೊದ್ಲು ಲೆಕ್ಕಾನೇ ಹಾಕಾದು. ಮನೆಗೆ ಹೋಗಿ ಹೆಂಡ್ತಿಗೆ ಹೇಳ್ದೆ, ಮಾರಾದು ಬ್ಯಾಡ ಕಣೇ ಅಂತ."

"ಈಗ ಎಷ್ಟವೆ?" ಎಂದು ಅರ್ಫಾ ಕೇಳಿದಳು.

"ತೊಂಬತ್ತನಾಲ್ಕು ಅವೆ ತಾಯಿ. ಎರಡು ಗಬ್ಬದಾಗವೆ." ಅವನು ಬೀಬಿ ಜಾನ್ ಕಡೆ ತಿರುಗಿದ. "ಹೋಗಾದು ಹೆಂಗೆ ಅಂತ ನಂಗೆ ಯಾರೂ ತೋರಿಸ್ಬೇಕಾಗಿಲ್ಲ. ನಮ್ಮ ಕುರಿ ರೊಪ್ಪದಾಗೇ ನೋಡೀನಿ. ವಾಪಸ್ ಬರಾದು ಹೆಂಗೆ ಅಂತ ತೋರ್ಸಿದ್ದು ಇದೊಂದೇ. ಹೊಲ್ದೋರು ಯಾರು ಅಂತ ಗೊತ್ತಿರ್ಲಿಲ್ಲ. ಇವತ್ತು ಗೊತ್ತಾಯ್ತು. ನಿಮ್ಮ ಹೊಟ್ಟೆ ತಣ್ಣಗಿರ್ಲಿ ತಾಯಿ."

ಬೀಬಿ ಜಾನ್‌ಗೆ ಕಣ್ಣು ತುಂಬಿ ಬಂತು. ಪುಸ್ತಕ ಹೊಲಿದು ಕೊಟ್ಟವರಿಗೆ ಜನ ಚೆನ್ನಾಗಿದೆ ಎನ್ನುತ್ತಾರೆ, ಗಟ್ಟಿಯಾಗಿದೆ ಎನ್ನುತ್ತಾರೆ. ಹೊಟ್ಟೆ ತಣ್ಣಗಿರಲಿ ಎಂದು ಹರಸಿದವರು ಅವತ್ತಿನವರೆಗೆ ಯಾರೂ ಇರಲಿಲ್ಲ. ಅದೂ ಯಾವ ಕೆಲಸಕ್ಕೆ ನಾಚಿ ಆಕೆ ಹಿಂದಿನ ದಿನದಿಂದ ಊಟ ಬಿಟ್ಟಿದ್ದಳೋ ಆ ಕೆಲಸಕ್ಕೆ.

ಆದರೆ ಪುಸ್ತಕ ಕೊಟ್ಟವರು ಪಂಚಾಕ್ಷರಪ್ಪ. ಅವರ ಮಾತಿಲ್ಲದೆ ಬಿಡುವಂತಿಲ್ಲ. ಅರ್ಫಾ ಜಯಶೀಲಾಗೆ ಫೋನು ಮಾಡಿ ಅವರ ನಂಬರು ತೆಗೆದುಕೊಂಡು, ಹಚ್ಚಿ, ಎಲ್ಲರಿಗೂ ಕೇಳುವಂತೆ ಕಲ್ಲಿನ ಮೇಲಿಟ್ಟಳು. ಬೀಬಿ ಜಾನ್ ಮೊದಲು ತನ್ನ ತಪ್ಪು ಒಪ್ಪಿಕೊಂಡಳು. ಆಮೇಲೆ ಚಿತ್ರಲಿಂಗಪ್ಪ ನಾಯಿಗಳ ಲೆಕ್ಕವನ್ನೂ ಕುರಿಗಳ ಲೆಕ್ಕವನ್ನೂ ಹೇಳಿದ.

"ಅಲ್ರೀ" ಎಂದಿತು ಫೋನು, "ನಡೆದದ್ದನ್ನ ತಿರುಗಿಸಾಕೆ ಆಗ್ತದೇನ್ರಿ? ಹತ್ತೊಂಬತ್ತು ಜನ ಹೋದ್ರು, ಆರು ಜನ ಬಂದ್ರು. ನಾನು ಆ ಮೊದ್ಲಿನ ಹಾಳೆ ಓದೀನಿ."

"ಆರು ಜನ ಬಂದ್ರಾ?" ಎಂದು ಚಿತ್ರಲಿಂಗಪ್ಪ ಥಟ್ಟನೆ ಕೇಳಿದ. "ಹೆಂಗೆ ಬಂದ್ರು ಸ್ವಾಮಿ? ಅದು ಯಾವ ಫೋಟೋದಾಗೈತೆ?"

ಫೋನು ಕಟ್ಟಾಯಿತೇನೋ ಎಂದು ಅರ್ಫಾ ಬಗ್ಗಿ ನೋಡಿದಳು.

"ಅದು ಇಲ್ಲ" ಎಂದರು ಪಂಚಾಕ್ಷರಪ್ಪ. ಈಗ ಅವರ ದನಿಯಲ್ಲಿ ಟೈಮ್‌ಟೇಬಲ್ ಇರಲಿಲ್ಲ. "ವಾಪಸ್ ಬಂದಿದ್ದರ ಫೋಟೋ ಒಂದೂ ಇಲ್ಲ ನೋಡ್ರಿ. ಮೂವತ್ತು ವರ್ಷ ನೋಡೀನಿ, ಇದು ನಂಗೆ ಹೊಳೀಲೇ ಇಲ್ಲ. ನಾನು ಗಾರ್ಡ್ ಆಗಿದ್ದೋನು. ಕೊನೇ ಡಬ್ಬಿಯಾಗೆ ಕುಂತು ಹಿಂದಕ್ಕೆ ಸರಿಯೋ ಹಳಿ ನೋಡ್ಕಂಡೇ ಕಾಲ ಹಾಕೀನಿ. ಡ್ರೈವರ್‌ಗೆ ಮುಂದಿಂದು ಕಾಣ್ತದೆ, ಗಾರ್ಡ್‌ಗೆ ಹಿಂದಿಂದು. ಇಬ್ರೂ ಇರೋದು ಒಂದೇ ರೈಲಾಗೆ. ಬೀಬಿಯವ್ರೇ, ಬಿಚ್ಚಬ್ಯಾಡ್ರಿ. ಇನ್ನೊಂದ್ ಕಡೇಗೂ ಒಂದು ಚೀಟಿ ಅಂಟಿಸ್ರಿ. ಯಾವ ಕಡೆಯಿಂದ ಹತ್ತಬೇಕು ಅನ್ನಾದು ಹತ್ತೋರಿಗೆ ಬಿಟ್ಟಿದ್ದು."

ಬೀಬಿ ಜಾನ್ ಬ್ಲೇಡನ್ನು ಕೆಳಗಿಟ್ಟಳು. ಬೆಳಿಗ್ಗೆ ಕುದಿದು ತಣ್ಣಗಾದ ಅಂಟಿಗೆ ಕೊನೆಗೆ ಕೆಲಸ ಸಿಕ್ಕಿದ್ದು ಅಂಗೈಯಗಲದ ಒಂದು ಚೀಟಿ. ಅದರ ಮೇಲೆ ಅರ್ಫಾ 'ಹಿಮದ ಹಡಗು, ಹೋದದ್ದು' ಎಂದು ಬರೆದಳು. ಹಳೆಯ ಚೀಟಿಯಲ್ಲಿ ಬರೀ ಸಂಖ್ಯೆ ಇತ್ತು. ಅದರ ಕೆಳಗೆ 'ಹಿಮದ ಹಡಗು, ಬಂದದ್ದು' ಎಂದು ಬರೆದಳು.

ಕೆಲಸವೇನೋ ಮುಗಿಯಿತು. ಆದರೆ ಮೊಳೆ ಅಲ್ಲೇ ಇತ್ತು. ಪುಸ್ತಕ ವಾಪಸ್ ಬಂದದ್ದಂತೂ ನಿಜ, ತಪ್ಪಿದ್ದದ್ದೂ ನಿಜ. ಬೀಬಿ ಜಾನ್ ತನ್ನ ಸೂಜಿಯನ್ನು ಬೆರಳಿನಲ್ಲಿ ಹಿಡಿದು ಗೋಡೆಯ ಕಡೆ ನೋಡುತ್ತ ಕೂತಳು. ಚಿತ್ರಲಿಂಗಪ್ಪ ಎದ್ದು ಎರಡೂ ಕೈ ಚಾಚಿದ.

"ಕೊಡ್ರಿ ಬೂಬಮ್ಮ, ಹೋಗಾಣ. ಬಸ್ಸಿಗೆ ಹೊತ್ತಾಯ್ತು."

"ಜಯಶೀಲಮ್ಮ ಸಂಜೆ ಬರ್ತಾರೆ. ಅವ್ರ ಕೈಯಾಗೆ ಕಳಿಸ್ತೀನಿ ಬಿಡ್ರಿ."

"ಅದೆಂಗಾಗ್ತದೆ? ತಪ್ಪಿಸ್ಕಂಡ ಮರಿ ಹುಡುಕ್ಕಂಡು ಬಂದೋನು ಮರಿ ತಗಂಡೇ ಹೋಗ್ಬೇಕು. ಬರಿಗೈಲಿ ಹೋದ್ರೆ ನಮ್ಮ ಮನೇಲಿ ಒಳಗೆ ಸೇರ್ಸಲ್ಲ."

ಅರ್ಫಾ ನಕ್ಕಳು. ಬೀಬಿ ಜಾನ್ ನಗಲಿಲ್ಲ. ಆಕೆಗೆ ಅಟ್ಟದ ಮೇಲಿನ ಭೂಪಟ ನೆನಪಾಗಿತ್ತು. ತಂದೆ, ಆಕೆಯ ಅಬ್ಬಾ, ಅದನ್ನು ಸರಿ ಮಾಡಿಟ್ಟು ಹನ್ನೊಂದು ವರ್ಷ ಬಾಗಿಲು ನೋಡಿದ್ದ. ಯಾರಾದರೂ ಒಬ್ಬರು, ಶಾಲೆಯ ಜವಾನನೇ ಆಗಲಿ, ನಮ್ಮ ಪುಸ್ತಕ ಎಲ್ಲಿ ಎಂದು ಕೇಳಿಕೊಂಡು ಬಂದಿದ್ದರೆ ಆತ ಆ ಸೂಜಿಯನ್ನು ಮೊಳೆಯಿಂದ ಇಳಿಸುತ್ತಿದ್ದ. ಇಷ್ಟು ವರ್ಷ ಕಟ್ಟಳೆ ಎಂದು ಪಾಲಿಸಿಕೊಂಡು ಬಂದದ್ದರ ಒಳಗೆ ಅಬ್ಬಾನ ಎಷ್ಟು ದೊಡ್ಡ ನೋವಿತ್ತು ಎಂದು ಆಕೆಗೆ ಈಗ ತಿಳಿಯಿತು. ಆತನಿಗೆ ಸಿಗದೇ ಹೋದದ್ದು ತನಗೆ ಬಸ್ಸು ಹತ್ತಿಕೊಂಡು, ಧೂಳು ಮೆತ್ತಿಕೊಂಡು, ಮನೆ ಬಾಗಿಲಿಗೇ ಬಂದಿತ್ತು.

"ಅರ್ಫಾ" ಎಂದಳು, "ಈ ಸೂಜಿಗೆ ದಾರ ಪೋಣಿಸು."

ಅರ್ಫಾ ಕಣ್ಣರಳಿಸಿದಳು. ಏನೂ ಕೇಳದೆ ದಾರವನ್ನು ತುಟಿಗೆ ಹಚ್ಚಿ ಒಂದೇ ಸಲಕ್ಕೆ ಪೋಣಿಸಿ ಕೊಟ್ಟಳು.

"ಅಣ್ಣಾ, ನಿಮ್ಮ ಕಂಬಳೀದು ಒಂದೆಳೆ ಕೊಡ್ರಿ."

ಅವನು ಕಂಬಳಿಯ ತುದಿಯಿಂದ ಮಾರುದ್ದದ ಕರಿ ಉಣ್ಣೆಯ ಎಳೆಯೊಂದನ್ನು ಬಿಡಿಸಿ ಕೊಟ್ಟ. ಬೀಬಿ ಜಾನ್ ಅದನ್ನು ಮೂರು ಮಡಿಕೆ ಮಾಡಿ ಹೆಣೆದು, ಪುಸ್ತಕದ ಬೆನ್ನಿಗೆ ನಾಲ್ಕು ಹೊಲಿಗೆ ಹಾಕಿ ಭದ್ರ ಮಾಡಿದಳು, ನೋಡಿದ ಹಾಳೆಯ ಗುರುತಿಗೆ ಇರಲಿ ಎಂದು. ಎಳೆಯನ್ನು ಕರಿಮೂತಿ ಮೊದಲು ಬರುವ ಹಾಳೆಯಲ್ಲಿ ಇಟ್ಟಳು. ಪುಸ್ತಕವನ್ನು ಅಂಗೈಗಳ ನಡುವೆ ಒತ್ತಿ ಹಣೆಗೆ ಮುಟ್ಟಿಸಿದಳು. ಈ ಸಲ ಶುಕ್ರ್ ಎಂದವಳು ಅರ್ಫಾ.

ಚಿತ್ರಲಿಂಗಪ್ಪ ಪುಸ್ತಕವನ್ನು ಕಂಬಳಿಯ ಒಳಗೆ ಎದೆಗೆ ಹತ್ತಿರ ಇಟ್ಟುಕೊಂಡು ಬೀದಿಗಿಳಿದ. ಅವನು ಮೂಲೆ ತಿರುಗುವವರೆಗೆ ಬೀಬಿ ಜಾನ್ ನೋಡುತ್ತಿದ್ದಳು. ಆಮೇಲೆ ಅರ್ಫಾ ತಂದಿಟ್ಟ ಅನ್ನ ಸಾರನ್ನು ಹೊಟ್ಟೆ ತುಂಬ ಉಂಡು, ಕೈ ತೊಳೆದು, ಹೊಳಲ್ಕೆರೆಯ ನಿಘಂಟನ್ನು ಹತ್ತಿರಕ್ಕೆಳೆದುಕೊಂಡಳು. ಸೂಜಿ ಎತ್ತಿಕೊಳ್ಳುವ ಮೊದಲು ಸೊಸೆಯನ್ನು ಕರೆದು, ಇದಕ್ಕೆ ಬೆನ್ನು ಯಾವ ಕಡೆ ಬರಬೇಕು ಎಂದು ಕೇಳಿದಳು.